ತೋಡುಂಟು, ಬಿಸಿಲುಂಟು, ಲೈನಿಲ್ಲ: ಹೆಬ್ರಿ ಕಡೆಯ ಮನೆ-ತೋಟಕ್ಕೆ ಎಷ್ಟು ಸೋಲಾರ್ ಬೇಕು?

ಗುಡ್ಡೆಬದಿ (ಪ್ರಶ್ನೆ)

ಜಾಗ ಹೆಬ್ರಿಯಿಂದ ಆಗುಂಬೆ ಘಾಟಿಯ ದಿಕ್ಕಿಗೆ, ಗುಡ್ಡೆಯ ಪಶ್ಚಿಮ ಮಗ್ಗುಲಲ್ಲಿ. ಹತ್ತಿರದ ಕಂಬಕ್ಕೆ 700 ಮೀಟರ್, ನಡುವೆ ಅರಣ್ಯದ ಜಾಗ. ಲೈನ್ ಬರುವುದಿಲ್ಲ ಅಂತಲೇ ಲೆಕ್ಕ ಹಾಕಿ ಹೇಳಿ.

ದಿನದ ಬಳಕೆ: 9 ವ್ಯಾಟಿನ ಎಲ್‌ಇಡಿ 8, ಐದು ಗಂಟೆ. 28 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ 3, ಎಂಟು ಗಂಟೆ. ಸಣ್ಣ ಫ್ರಿಜ್ ಸುಮಾರು 0.8 ಯೂನಿಟ್. ಟಿವಿ, ಮಿಕ್ಸಿ, ರೂಟರ್ ಸೇರಿ ಅರ್ಧ ಯೂನಿಟ್‌ಗಿಂತ ಸ್ವಲ್ಪ ಮೇಲೆ. ಒಟ್ಟು 2.4 ಯೂನಿಟ್.

ನೀರು: ಮನೆಯಲ್ಲಿ 6 ಜನ, ದನ 3, ಅಡಿಕೆ ಮರ 350. ತೋಟದ ಕೆಳ ಅಂಚಿನಲ್ಲಿ 3 ಮೀಟರ್ ವ್ಯಾಸದ ಬಾವಿ. ಏಪ್ರಿಲ್‌ನಲ್ಲಿ ನೀರು 10 ಮೀಟರ್ ಕೆಳಗೆ ಹೋಗುತ್ತದೆ, ಒರತೆ ಗಂಟೆಗೆ 1200 ಲೀಟರ್.

ತೋಡು (ಸಣ್ಣ ಹಳ್ಳ): ಜೂನ್ ಎರಡನೇ ವಾರದಿಂದ ಜನವರಿ ನಡುವಿನವರೆಗೆ ಹರಿಯುತ್ತದೆ. ಡಿಸೆಂಬರ್ ಕೊನೆಗೆ ದಂಬೆ (ನೀರು ಹಾಯಿಸುವ ತೆರೆದ ಕೊಳವೆ) ಇಟ್ಟು ಅಳೆದಾಗ 20 ಲೀಟರ್ ಬಕೆಟ್ 8 ಸೆಕೆಂಡಿಗೆ ತುಂಬಿತು. ಲೆವೆಲ್ ಟ್ಯೂಬಿನಲ್ಲಿ ಹಿಡಿದ ಎತ್ತರ, ಬಾವಿಕಟ್ಟೆ ಸೊನ್ನೆ ಅಂತಿಟ್ಟರೆ: ಮನೆ 10 ಮೀಟರ್, ಗುಡ್ಡೆಯ ಮೇಲೆ ಟ್ಯಾಂಕ್ ಕಟ್ಟಲು ನೋಡಿದ ಜಾಗ 22 ಮೀಟರ್, ತೋಡಿಗೆ ಕಟ್ಟ ಹಾಕುವ ಜಾಗ 24 ಮೀಟರ್. ಕಟ್ಟದಿಂದ ತೋಟದ ಕೆಳ ಅಂಚಿಗೆ ಪೈಪಿನ ದಾರಿ 130 ಮೀಟರ್.

ಸಿಕ್ಕಿದ ಕೊಟೇಶನ್: 3 ಕಿಲೋವ್ಯಾಟ್ ಪ್ಯಾನೆಲ್, 48 ವೋಲ್ಟಿನ 3 ಕೆವಿಎ ಇನ್ವರ್ಟರ್, 150 ಎಎಚ್ ಟ್ಯೂಬುಲರ್ (ಲೆಡ್ ಆಸಿಡ್) ಬ್ಯಾಟರಿ 4. ಅದರಲ್ಲೇ 1.5 ಎಚ್‌ಪಿ ಎಸಿ ಪಂಪೂ ಓಡುತ್ತದಂತೆ. ಇದು ಸಾಕಾ? ತೋಡಿನಿಂದ ಏನಾದರೂ ಪ್ರಯೋಜನ ಉಂಟಾ, ಅಥವಾ ಅದರ ತಲೆನೋವೇ ಬೇಡವಾ?

---

ಯೂನಿಟ್‌ಲೆಕ್ಕ

ಮೊದಲು ಒಂದು ತಿದ್ದುಪಡಿ. 2.4 ಯೂನಿಟ್ ಅಲ್ಲ, 3. ಇನ್ವರ್ಟರ್ ಸುಮ್ಮನೆ ಆನ್ ಇದ್ದರೂ 25 ವ್ಯಾಟ್ ತಿನ್ನುತ್ತದೆ, 24 ಗಂಟೆಗೆ 0.6 ಯೂನಿಟ್. ಫ್ರಿಜ್ ಇರುವ ಮನೆಯಲ್ಲಿ ಅದನ್ನು ರಾತ್ರಿ ಆಫ್ ಮಾಡುವ ಹಾಗೂ ಇಲ್ಲ. ಈ ಸಾಲು ಹೆಚ್ಚಿನ ಕೊಟೇಶನ್‌ಗಳಲ್ಲಿ ಇರುವುದೇ ಇಲ್ಲ.

ಡಿಸೆಂಬರಿನಿಂದ ಮೇವರೆಗೆ ನಿಮ್ಮ ಕೊಟೇಶನ್ ಬೇಕಾದ್ದಕ್ಕಿಂತ ಜಾಸ್ತಿ. ಘಾಟಿ ಪೂರ್ವಕ್ಕೆ ಗೋಡೆಯಂತೆ ನಿಂತಿರುವ ಕಾರಣ ಬೆಳಗಿನ ಬಿಸಿಲು ತಡವಾಗಿ ಬೀಳುತ್ತದೆ. ಆದರೂ ಪೂರ್ಣ ಬಿಸಿಲಿನ ಲೆಕ್ಕದಲ್ಲಿ 5 ಗಂಟೆ ಹಿಡಿಯಬಹುದು. ಬಿಸಿ, ವೈರ್, ಬ್ಯಾಟರಿ, ಇನ್ವರ್ಟರ್ ನಷ್ಟ ಕಳೆದು 0.7ರಿಂದ ಗುಣಿಸಿದರೆ 1 ಕಿಲೋವ್ಯಾಟ್ ಪ್ಯಾನೆಲ್ 3.5 ಯೂನಿಟ್ ಕೊಡುತ್ತದೆ. ಮನೆಗೆ ಅಷ್ಟು ಸಾಕು.

ತೊಂದರೆ ಆಟಿಯಲ್ಲಿ (ಜುಲೈ-ಆಗಸ್ಟ್). ನಿಮ್ಮ ಜಾಗಕ್ಕೆ ಜುಲೈನಲ್ಲಿ 2 ಗಂಟೆಗಿಂತ ಹೆಚ್ಚು ಹಿಡಿಯಬೇಡಿ. 3 ಕಿಲೋವ್ಯಾಟಿಗೆ 4.2 ಯೂನಿಟ್ ಬಂತು, ಸಾಕಲ್ಲ ಅನ್ನಿಸುತ್ತದೆ. ಆದರೆ ಅದು ಸರಾಸರಿ. ಜಡಿಮಳೆ ಹಿಡಿದರೆ ವಾರಗಟ್ಟಲೆ 1 ಗಂಟೆಯೂ ಸಿಗುವುದಿಲ್ಲ. 0.8 ಗಂಟೆ ಅಂತಿಟ್ಟರೆ ದಿನಕ್ಕೆ 1.7 ಯೂನಿಟ್, ಅಂದರೆ 1.3 ಕೊರತೆ. 4 ಟ್ಯೂಬುಲರ್‌ನಲ್ಲಿ ಬರೆದಿರುವುದು 7.2 ಯೂನಿಟ್ ಆದರೂ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ ಕೈಗೆ ಸಿಗುವುದು 3.6. ಮೂರನೇ ದಿನಕ್ಕೆ ಕತ್ತಲೆ. ಅದಕ್ಕಿಂತ ದೊಡ್ಡ ಪೆಟ್ಟು ಬ್ಯಾಟರಿಗೆ: ಲೆಡ್ ಆಸಿಡ್ ವಾರಗಟ್ಟಲೆ ಅರೆಹೊಟ್ಟೆಯಲ್ಲಿದ್ದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಕರಗುವುದಿಲ್ಲ. ನಮ್ಮ ಕಡೆ ಟ್ಯೂಬುಲರ್‌ಗಳನ್ನು ಕೊಲ್ಲುವುದು ಬೇಸಿಗೆಯ ಸೆಕೆಯಲ್ಲ, ಮಳೆಗಾಲದ ಈ ಉಪವಾಸ.

ಈಗ ತೋಡು. ಡಿಸೆಂಬರ್ ಕೊನೆಗೂ ಸೆಕೆಂಡಿಗೆ 2.5 ಲೀಟರ್ ಇದೆ. ಅದರಲ್ಲಿ 2 ತೆಗೆದುಕೊಳ್ಳಿ. 63 ಮಿ.ಮೀ. ಎಚ್‌ಡಿಪಿಇ ಪೈಪಿನಲ್ಲಿ 130 ಮೀಟರಿಗೆ ಘರ್ಷಣೆ ನಷ್ಟ ಒಂದೂವರೆ ಮೀಟರ್ ಆಸುಪಾಸು, ಉಳಿದ ಎತ್ತರ 22.5 ಮೀಟರ್. 9.81 × 2 × 22.5 ಅಂದರೆ 441 ವ್ಯಾಟ್ ನೀರಿನ ಶಕ್ತಿ. ಸಣ್ಣ ಪೆಲ್ಟನ್ ಚಕ್ರ (ನೀರಿನ ಧಾರೆ ಬಡಿದು ತಿರುಗುವ ಬಟ್ಟಲುಗಳ ಟರ್ಬೈನ್) ಮತ್ತು ಆಲ್ಟರ್ನೇಟರ್ ಸೇರಿ 45 ಶೇಕಡಾ ದಕ್ಷತೆಯಲ್ಲಿ 200 ವ್ಯಾಟ್. ಕೇಳಲಿಕ್ಕೆ ಸಣ್ಣದು. ಆದರೆ ರಾತ್ರಿ ಹಗಲು ಓಡುತ್ತದಲ್ಲ, ದಿನಕ್ಕೆ 4.8 ಯೂನಿಟ್. ಕಪ್ಪು ಮೋಡದ ದಿನ ಇಷ್ಟು ಕೊಡಬೇಕಾದರೆ 8 ಕಿಲೋವ್ಯಾಟಿಗಿಂತ ಹೆಚ್ಚು ಪ್ಯಾನೆಲ್ ಬೇಕು.

ಹಾಗಾಗಿ ನನ್ನ ಲೆಕ್ಕ: 540 ವ್ಯಾಟಿನ ಪ್ಯಾನೆಲ್ 2, 200 ವ್ಯಾಟಿನ ಟರ್ಬೈನ್, 51.2 ವೋಲ್ಟ್ 100 ಎಎಚ್ ಲಿಥಿಯಂ ಫೆರೋ ಫಾಸ್ಫೇಟ್ ಬ್ಯಾಟರಿ ಒಂದು. ಅದರಲ್ಲಿ 5.1 ಯೂನಿಟ್, ಬಳಸಲು 4. ಇದಕ್ಕೆ ಪೂರ್ತಿ ತುಂಬಲೇಬೇಕೆಂಬ ಹಟ ಇಲ್ಲ.

ಪಂಪನ್ನು ಇನ್ವರ್ಟರಿಗೆ ಕಟ್ಟಬೇಡಿ. 1.5 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ ಹೊರಡುವಾಗ ಓಟದ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ, 3 ಕೆವಿಎ ಇನ್ವರ್ಟರ್ ಅಲ್ಲೇ ಮಲಗುತ್ತದೆ. ಓಡಿದರೂ ಬ್ಯಾಟರಿಯಲ್ಲಿ ಕರೆಂಟ್ ಕೂಡಿಟ್ಟು ನೀರೆತ್ತುವುದು ದುಬಾರಿ ದಾರಿ. ಬಿಸಿಲಿದ್ದಾಗ ನೇರ ಎತ್ತಿ ಟ್ಯಾಂಕಿನಲ್ಲಿ ನೀರನ್ನೇ ಕೂಡಿಡಿ. ಮರಕ್ಕೆ 18 ಲೀಟರಿನಂತೆ ಹನಿ ನೀರಾವರಿಗೆ 6300, ಮನೆ ಮತ್ತು ಹಟ್ಟಿಗೆ 1000, ಒಟ್ಟು 7300 ಲೀಟರ್. ಬಾವಿಯ ನೀರಿನ ಮಟ್ಟದಿಂದ ಟ್ಯಾಂಕಿಗೆ 32 ಮೀಟರ್, ಘರ್ಷಣೆ 3, ಒಟ್ಟು 35. ಇದಕ್ಕೆ 1 ಎಚ್‌ಪಿ ಡಿಸಿ ಸಬ್‌ಮರ್ಸಿಬಲ್ ಮತ್ತು ಅದೇ 540ರ ಪ್ಯಾನೆಲ್ 2 ಧಾರಾಳ, ಬಿಸಿಲಿನ ದಿನ 15 ಸಾವಿರ ಲೀಟರಿಗೆ ಮೋಸವಿಲ್ಲ. ಮೇಲೆ ಕೂರಿಸುವ ಪಂಪ್ ಬೇಡ, 7 ಮೀಟರಿಗಿಂತ ಆಳದಿಂದ ಅದು ಹೀರುವುದಿಲ್ಲ.

---

ಕಟ್ಟದ ನೀರು

ಲೆಕ್ಕ ಸರಿ ಉಂಟು. ಒಂದು ವಿಷಯ ಯಾರೂ ನೋಡ್ಲಿಲ್ಲ ಮಾರಾಯ್ರೆ. ಕಟ್ಟ 24 ಮೀಟರ್, ಟ್ಯಾಂಕ್ 22. ಜೂನ್‌ನಿಂದ ಜನವರಿವರೆಗೆ ಪಂಪೇ ಬೇಡ, ನೀರು ತನ್ನಷ್ಟಕ್ಕೇ ಟ್ಯಾಂಕಿಗೆ ಬರ್ತದೆ. ಹಿಂದಿನವರು ದಂಬೆಯಲ್ಲಿ ತಂದದ್ದೂ ಹೀಗೇ ಅಲ್ವಾ. ಟರ್ಬೈನಿನ ಪೈಪಿಗೆ ಟೀ ಜಾಯಿಂಟ್ ಹಾಕಿ ತೆಗೀಬೇಡಿ, ಒತ್ತಡ ಬಿದ್ದು ಚಕ್ರ ತೊದಲ್ತದೆ. ಬೇರೆ 40 ಮಿ.ಮೀ. ಪೈಪು ಎಳೆಯಿರಿ. ಕುಡಿಯುವುದಾದ್ರೆ ಸೋಸಿ, ಕುದಿಸಿ.

ಹಾಗಾದ್ರೆ ಮಳೆಗಾಲದಲ್ಲಿ ಪಂಪಿನ 2 ಪ್ಯಾನೆಲ್ ಕೆಲಸ ಇಲ್ಲದೆ ಕೂತಿರ್ತದೆ. ನಾಲ್ಕೂ ಒಂದೇ ಮಾದರಿಯದ್ದು ತಗೊಂಡು, ಎರಡೆರಡು ಸೀರೀಸ್ ಮಾಡಿ, ನಡುವೆ ಒಂದು ಡಿಸಿ ಚೇಂಜ್‌ಓವರ್ ಸ್ವಿಚ್ ಇಟ್ರೆ ಮಳೆಗಾಲಕ್ಕೆ ನಾಲ್ಕೂ ಬ್ಯಾಟರಿಗೆ. ಒಂದು ಜೋಡಿಯ ಭಾರ ಇಲ್ಲದಾಗಿನ ವೋಲ್ಟೇಜ್ 100ರ ಒಳಗೆ ನಿಲ್ತದೆ, 150 ವೋಲ್ಟಿನ ಎಂಪಿಪಿಟಿಗೆ (ಬ್ಯಾಟರಿ ಚಾರ್ಜ್ ಮಾಡುವ ಕಂಟ್ರೋಲರ್) ಸರಿಹೋಗ್ತದೆ. ಪಂಪ್ ಕಂಟ್ರೋಲರ್ ಆ ವೋಲ್ಟೇಜಿನದ್ದೇ ಆಗಿರ್ಬೇಕು, ಕೊಳ್ಳುವಾಗಲೇ ನೋಡಿ. ಇದು ಮುಖ್ಯವಾಗಿ ಬೇಕಾಗುವುದು ಜುಲೈಗಲ್ಲ, ಮೇ ಕೊನೆಯಿಂದ ತೋಡು ಹಿಡಿಯುವವರೆಗಿನ ಹತ್ತು ಹದಿನೈದು ದಿನಕ್ಕೆ. ಮೋಡ ಬಂದಿರ್ತದೆ, ತೋಡು ಬಂದಿರುವುದಿಲ್ಲ. ವರ್ಷದ ಅತ್ಯಂತ ಬಡ ದಿನಗಳು ಅವೇ. ಸರ್ಕಾರದ ಸಬ್ಸಿಡಿ ಇರುವ ಕುಸುಮ್ ಯೋಜನೆಯಲ್ಲಿ ಪಂಪ್ ತಗೊಂಡ್ರೆ ಮಾತ್ರ ವೈರಿಂಗ್ ಮುಟ್ಟುವ ಮೊದಲು ಷರತ್ತು ಓದಿ.

ಇನ್ನು ಕಟ್ಟ. ತೋಡಿಗೆ ಅಡ್ಡ ಕಾಂಕ್ರೀಟ್ ಗೋಡೆ ಹಾಕ್ಬೇಡಿ. ಜುಲೈಯ ಒಂದು ನೆರೆಗೆ ಕಲ್ಲು ಉರುಳಿ ಬಂದ್ರೆ ಗೋಡೆಯೂ ಇಲ್ಲ, ಪೈಪೂ ಇಲ್ಲ. ಬಂಡೆಯ ಹಿಂದೆ ನೀರು ತಿರುಗಿ ನಿಲ್ಲುವ ಬದಿಯಲ್ಲಿ ಪಕ್ಕದಿಂದ ತೆಗೀರಿ. ಅಲ್ಲಿಂದ 3 ಮೀಟರ್ ಓಪನ್ ಚಾನೆಲ್, ಆಮೇಲೆ 200 ಲೀಟರಿನ ಪ್ಲಾಸ್ಟಿಕ್ ಡ್ರಮ್ ಎರಡು. ಮೊದಲನೆಯದರಲ್ಲಿ ಹೊಯಿಗೆ (ಮರಳು) ಕೂರ್ತದೆ, ತಳದಲ್ಲಿ 2 ಇಂಚಿನ ತೊಳೆಯುವ ವಾಲ್ವ್ ಇರ್ಲಿ. ಎರಡನೆಯದರಿಂದ ಪೈಪು. ಪೈಪಿನ ಬಾಯಿ ನೀರಿನ ಮಟ್ಟದಿಂದ 30 ಸೆಂ.ಮೀ. ಕೆಳಗಿಲ್ಲದಿದ್ರೆ ಸುಳಿ ಎದ್ದು ಗಾಳಿ ಎಳೀತದೆ. ಟರ್ಬೈನಿನ ಹತ್ತಿರ ನಿಂತ್ರೆ ಕೆಮ್ಮಿದ ಹಾಗೆ ಸದ್ದು ಬರ್ತದೆ, ಅದೇ ಗುರುತು. ಡ್ರಮ್ ದಾಟಿದ ಕೂಡಲೇ ಮೇಲ್ಮುಖವಾಗಿ ಒಂದು ಅರ್ಧ ಇಂಚಿನ ಗಾಳಿ ಪೈಪು. ಬಾಯಿ ಎಲೆಯಿಂದ ಮುಚ್ಚಿದಾಗ ಪೈಪಿನೊಳಗೆ ನಿರ್ವಾತ ಆಗಿ ಎಚ್‌ಡಿಪಿಇ ಚಪ್ಪಟೆ ಆಗುವುದನ್ನು ತಡೆಯುವುದು ಅದು.

ಜಾಳಿಗೆ ನೆಟ್ಟಗೆ ಇಟ್ರೆ ದಿನಕ್ಕೆ ನಾಲ್ಕು ಸಲ ಎಲೆ ತೆಗೀಬೇಕು. 45 ಡಿಗ್ರಿ ಓರೆ ಇಟ್ಟು ನೀರು ಅದರ ಮೇಲಿಂದ ಜಾರುವ ಹಾಗೆ ಮಾಡಿದ್ರೆ ಎಲೆ ತಾನೇ ಕೊಚ್ಚಿ ಹೋಗ್ತದೆ. ಜಾಳಿಗೆಯ ಕಿಂಡಿ ನಾಝಲ್‌ನ ಅರ್ಧಕ್ಕಿಂತ ಸಣ್ಣದಿರ್ಬೇಕು. ಮೊದಲ ಮಳೆಯ ಒಂದು ವಾರ ಟರ್ಬೈನ್ ಓಡಿಸ್ಲೇಬೇಡಿ. ಗುಡ್ಡೆಯ ಕಸ, ಕೆಂಪು ಹೊಯಿಗೆ ಎಲ್ಲ ಆವಾಗಲೇ ಬರುವುದು, ನಾಝಲ್ ಉಜ್ಜಿ ಹೋಗ್ತದೆ.

ಪೈಪಿನ ವಿಷಯದಲ್ಲಿ ಆಸೆ ಬೇಡ. "ಮಳೆಗಾಲದಲ್ಲಿ ನೀರು ಬೇಕಾದಷ್ಟುಂಟು, 5 ಲೀಟರ್ ಬಿಡುವ" ಅಂತ ಇದೇ 63ರ ಪೈಪಿನಲ್ಲಿ ಬಿಟ್ರೆ 24 ಮೀಟರಿನಲ್ಲಿ 8 ಮೀಟರ್ ಘರ್ಷಣೆಗೇ ಹೋಯ್ತು. 5 ಬೇಕಾದ್ರೆ 90ರ ಪೈಪು. ನಿಮಗೆ ಬೇಡ. ಕೆಳಗೆ ಬಾಲ್ ವಾಲ್ವ್ ಬೇಡ, ಗೇಟ್ ವಾಲ್ವ್ ಹಾಕಿ. ಬಾಲ್ ವಾಲ್ವನ್ನು ಟಕ್ಕಂತ ತಿರುಗಿಸಿದ್ರೆ 130 ಮೀಟರ್ ನೀರಿನ ಕಂಬ ಬಂದು ಗುದ್ದಿ ಜಾಯಿಂಟ್ ಬಿಚ್ತದೆ. ವಾಲ್ವಿನ ಮೊದಲು 4 ಕೆಜಿಯ ಪ್ರೆಶರ್ ಗೇಜ್ ಒಂದಿರ್ಲಿ. ಮುಚ್ಚಿದಾಗ 2.4, ಓಡುವಾಗ 2.2ರ ಮೇಲೆ ಇದ್ರೆ ಎಲ್ಲ ಸರಿ. ಓಡುವಾಗ 1.8ಕ್ಕೆ ಇಳಿದ್ರೆ ಮೇಲೆ ಎಲೆ ಕಟ್ಟಿದೆ. ಮಳೆಯಲ್ಲಿ ಗುಡ್ಡೆ ಹತ್ತದೆ ಗೊತ್ತಾಗ್ತದೆ.

---

ಮೌನಗಾಳಿ

ಟರ್ಬೈನ್, ಕಂಟ್ರೋಲರ್ ಇಷ್ಟೆಲ್ಲ ಯಾಕೆ? ಹೈಡ್ರಾಲಿಕ್ ರ‍್ಯಾಮ್ (ಬೀಳುವ ನೀರಿನ ಹೊಡೆತದಿಂದಲೇ ಓಡುವ ಪಂಪ್) ಇಟ್ಟರೆ ಕರೆಂಟೇ ಇಲ್ಲದೆ ನೀರು ಮೇಲೆ ಹೋಗುತ್ತದಲ್ಲ.

---

ಕಟ್ಟದ ನೀರು

ಹೋಗ್ತದೆ. ಆದ್ರೆ ಇವರ ತೋಡು ಮನೆಯಿಂದಲೂ ಮೇಲೆ, ಟ್ಯಾಂಕಿನಿಂದಲೂ ಮೇಲೆ. ತನ್ನಷ್ಟಕ್ಕೆ ಇಳಿಯುವ ನೀರಿಗೆ ರ‍್ಯಾಮ್ ಎಂತಕ್ಕೆ? ತೋಟಕ್ಕೆ ನೀರು ಬೇಕಾಗುವ ಫೆಬ್ರವರಿಯಲ್ಲಿ ತೋಡು ಒಣಗಿರ್ತದೆ, ಆವಾಗ ರ‍್ಯಾಮೂ ಒಣಗ್ತದೆ.

ತೋಡು ಕೆಳಗೆ, ಮನೆ ಮೇಲೆ ಇರುವವರಿಗೆ ಒಳ್ಳೆಯದೇ. ನಿಮಿಷಕ್ಕೆ 60 ಲೀಟರ್ 4 ಮೀಟರ್ ಬಿದ್ರೆ, 28 ಮೀಟರ್ ಮೇಲಕ್ಕೆ ನಿಮಿಷಕ್ಕೆ 5 ಲೀಟರ್, ದಿನಕ್ಕೆ 7 ಸಾವಿರದ ಮೇಲೆ. ಹೊಡೆತ ಬೀಳುವ ಪೈಪು ಜಿಐ ಇರ್ಬೇಕು. ಪಿವಿಸಿ ಹಿಗ್ಗಿ ಹೊಡೆತವನ್ನು ತಿಂತದೆ, ಸ್ವಲ್ಪ ದಿನಕ್ಕೆ ಬಿರುಕೂ ಬಿಡ್ತದೆ. ಗಾಳಿ ಪಾತ್ರೆಯಲ್ಲಿ ನೀರು ತುಂಬಿದ್ರೆ ಟಕ್ ಟಕ್ ಸದ್ದು ಗಡುಸಾಗ್ತದೆ. ಗಾಳಿ ಹೀರುವ ಸಣ್ಣ ತೂತು ಕಟ್ಟಿರ್ತದೆ, ಸೂಜಿ ಹಾಕಿ ಬಿಡಿಸಿ.

---

ಗುಡ್ಡೆಬದಿ

ಪಂಪಿಗೂ ಟ್ಯಾಂಕಿಗೂ ಒಪ್ಪಿಗೆ. ಟರ್ಬೈನ್ ಜಾಗದಿಂದ ಮನೆಗೆ ವೈರಿನ ದಾರಿ 180 ಮೀಟರ್. 48 ವೋಲ್ಟ್ ಆಲ್ಟರ್ನೇಟರ್ ಸಾಕಾ? ಚಕ್ರ ಯಾವ ಅಳತೆಯದ್ದು ಕೇಳಬೇಕು? ಬ್ಯಾಟರಿ ತುಂಬಿದ ಮೇಲೆ ಏನಾಗುತ್ತದೆ ಅನ್ನುವುದೂ ಗೊತ್ತಾಗಲಿಲ್ಲ.

---

ಸುರುಳಿ

ಕೊನೆಯ ಪ್ರಶ್ನೆ ಬಹಳ ಮುಖ್ಯ, ಅದಕ್ಕೆ ಬರುತ್ತೇನೆ.

ವೈರ್: ಹೋಗಿ ಬರುವ ದಾರಿ 360 ಮೀಟರ್. 2.5 ಚದರ ಮಿ.ಮೀ. ತಾಮ್ರಕ್ಕೆ 2.7 ಓಮ್. 48 ವೋಲ್ಟಿನಲ್ಲಿ 200 ವ್ಯಾಟಿಗೆ 4.2 ಆಂಪ್, 11 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಕಾಲುಭಾಗ ಕರೆಂಟ್ ವೈರ್ ಬಿಸಿ ಮಾಡಲಿಕ್ಕೆ. 100 ವೋಲ್ಟಿನಲ್ಲಿ ಕಳಿಸಿದರೆ 2 ಆಂಪ್, ನಷ್ಟ 5 ಶೇಕಡಾ. ಆದ್ದರಿಂದ ಲೋಡಿನಲ್ಲಿ 100 ವೋಲ್ಟ್ ಡಿಸಿ ಬರುವ ಪರ್ಮನೆಂಟ್ ಮ್ಯಾಗ್ನೆಟ್ ಆಲ್ಟರ್ನೇಟರ್ ಕೇಳಿ, ಮನೆಯಲ್ಲಿ ಎಂಪಿಪಿಟಿ ಅದನ್ನು ಬ್ಯಾಟರಿಯ ಮಟ್ಟಕ್ಕೆ ಇಳಿಸಲಿ. ಆರ್ಮರ್ಡ್ ಕೇಬಲ್ ಹಾಕಿ ಮಣ್ಣಿನಡಿ ಹೂಳಿ. ಹಂದಿ, ಮುಳ್ಳುಹಂದಿ ಎರಡಕ್ಕೂ ಬರೀ ವೈರ್ ಇಷ್ಟ.

ಚಕ್ರ: 22.5 ಮೀಟರಿಗೆ ನೀರಿನ ಧಾರೆಯ ವೇಗ ಸೆಕೆಂಡಿಗೆ 20 ಮೀಟರ್. 1500 ಸುತ್ತಿಗೆ ನೇರ ಜೋಡಣೆ ಬೇಕಾದರೆ ಬಟ್ಟಲುಗಳ ನಡುಗೆರೆಯ ವ್ಯಾಸ 120ರಿಂದ 125 ಮಿ.ಮೀ. ಧಾರೆ 11 ಮಿ.ಮೀ. ಜೊತೆಗೆ 8 ಮಿ.ಮೀ.ಯ ಇನ್ನೊಂದು ನಾಝಲ್ ತೆಗೆದಿಡಿ. ಜನವರಿಯಲ್ಲಿ ತೋಡು ಸಣ್ಣದಾದಾಗ ಅದನ್ನು ಹಾಕಿದರೆ ಸೆಕೆಂಡಿಗೆ 1 ಲೀಟರಿನಲ್ಲಿ 100 ವ್ಯಾಟ್ ಬರುತ್ತದೆ. ದೊಡ್ಡ ನಾಝಲನ್ನೇ ಇಟ್ಟುಕೊಂಡರೆ ಡ್ರಮ್ ಖಾಲಿಯಾಗಿ ಗಾಳಿ ಎಳೆದು ಏನೂ ಬರುವುದಿಲ್ಲ.

ಈಗ ಬ್ಯಾಟರಿ ತುಂಬಿದಾಗ. ಸೋಲಾರ್ ಪ್ಯಾನೆಲಿನಿಂದ ಕರೆಂಟ್ ತೆಗೆಯದಿದ್ದರೆ ಅದು ಸುಮ್ಮನಿರುತ್ತದೆ. ಟರ್ಬೈನ್ ಸುಮ್ಮನಿರುವುದಿಲ್ಲ. ಭಾರ ತಪ್ಪಿದ ಕೂಡಲೇ ಸುತ್ತು 1500ರಿಂದ 2700ರ ಹತ್ತಿರ ಏರುತ್ತದೆ, 100 ವೋಲ್ಟ್ 200ಕ್ಕೆ ಹೋಗುತ್ತದೆ. ಪ್ಯಾನೆಲಿಗೆ ತಂದ 150 ವೋಲ್ಟಿನ ಎಂಪಿಪಿಟಿಯನ್ನೇ ಇದಕ್ಕೂ ಹಾಕಿದರೆ ಮೊದಲ ದಿನವೇ ಸುಡುತ್ತದೆ. ಕನಿಷ್ಠ 250 ವೋಲ್ಟಿನದ್ದು ಬೇಕು. ಜೊತೆಗೆ ಹೆಚ್ಚುವರಿ ಕರೆಂಟಿಗೆ ಹೋಗಲು ಒಂದು ದಾರಿ ಬೇಕು, ಅದೇ ಡಂಪ್ ಲೋಡ್.

ಡಂಪ್ ಲೋಡನ್ನು ಬ್ಯಾಟರಿಯ ತುದಿಗೆ ಮಾತ್ರ ಕಟ್ಟುವುದು ಲೆಡ್ ಆಸಿಡ್ ಕಾಲದ ಪದ್ಧತಿ. ಲಿಥಿಯಂನಲ್ಲಿ ಒಳಗಿನ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟ್) ಯಾವಾಗ ಬೇಕಾದರೂ ಬ್ಯಾಟರಿಯನ್ನು ಕಳಚಬಹುದು. ಆ ಕ್ಷಣ ಏರುವ ವೋಲ್ಟೇಜ್ ಇನ್ವರ್ಟರಿಗೆ ನುಗ್ಗುತ್ತದೆ. ಆದ್ದರಿಂದ ಎಂಪಿಪಿಟಿಯ ಮೊದಲೇ, ಟರ್ಬೈನಿನ ಡಿಸಿ ಲೈನಿಗೆ, 140 ವೋಲ್ಟ್ ದಾಟಿದರೆ ಹೆಚ್ಚಿನ ಕರೆಂಟನ್ನು ತಾನೇ ರೆಸಿಸ್ಟರಿಗೆ ತಿರುಗಿಸುವ ಕ್ಲಿಪ್ಪರ್ ಹಾಕಿ. ಅದರ ರೆಸಿಸ್ಟರ್ ಟರ್ಬೈನಿನ ಪೂರ್ತಿ ಶಕ್ತಿ ತಡೆಯಬೇಕು, 400 ವ್ಯಾಟಿನದ್ದು ಇರಲಿ. ಟರ್ಬೈನಿನಿಂದ ಕ್ಲಿಪ್ಪರಿನವರೆಗೆ ನಡುವೆ ಎಂಸಿಬಿ, ಫ್ಯೂಸ್, ಸ್ವಿಚ್ ಯಾವುದೂ ಬೇಡ. ಅದು ಬಿದ್ದರೆ ರಕ್ಷಣೆಯೂ ಬಿತ್ತು. ನಿಲ್ಲಿಸಬೇಕಾದರೆ ನೀರು ನಿಲ್ಲಿಸಿ.

ಉಳಿದ ಡಿಸಿ ಕಡೆ ಎಲ್ಲೂ ಮನೆಯ ಎಸಿ ಎಂಸಿಬಿ ಬೇಡ. ಎಸಿಯಲ್ಲಿ ಕಿಡಿ ಸೆಕೆಂಡಿಗೆ 100 ಸಲ ತಾನೇ ಆರುತ್ತದೆ, ಡಿಸಿಯಲ್ಲಿ ಆರುವುದಿಲ್ಲ, ಒಳಗೇ ಉರಿಯುತ್ತದೆ.

ಸಿಡಿಲು: ಏಪ್ರಿಲ್-ಮೇ ಸಂಜೆಗಳು ಮತ್ತು ಅಕ್ಟೋಬರ್. 180 ಮೀಟರ್ ಕೇಬಲ್ ಒಳ್ಳೆಯ ಆಂಟೆನಾ, ಎರಡೂ ತುದಿಗೆ ಎಸ್‌ಪಿಡಿ (ಸಿಡಿಲಿನ ಹೊಡೆತವನ್ನು ನೆಲಕ್ಕಿಳಿಸುವ ಸಾಧನ) ಬೇಕು. ಮುರಕಲ್ಲಿನ (ಜಂಬಿಟ್ಟಿಗೆ) ನೆಲದಲ್ಲಿ ಒಂದು ಗುಂಡಿಯಿಂದ ಅರ್ಥಿಂಗ್ ಸಿಗುವುದಿಲ್ಲ, ಬೇಸಿಗೆಯಲ್ಲಂತೂ ಬಂಡೆಗೆ ಕಂಬಿ ಹೊಡೆದ ಹಾಗೆ. 3 ಮೀಟರ್ ದೂರಕ್ಕೊಂದರಂತೆ 3 ರಾಡ್, ಬೆಂಟೊನೈಟ್ ತುಂಬಿ, ಎಲ್ಲವನ್ನೂ ಜಿಐ ಪಟ್ಟಿಯಲ್ಲಿ ಜೋಡಿಸಿ. ಪ್ಯಾನೆಲ್ ಚೌಕಟ್ಟು, ಇನ್ವರ್ಟರ್, ಎಸ್‌ಪಿಡಿ ಎಲ್ಲ ಅದಕ್ಕೇ. ಪ್ಯಾನೆಲಿಗೊಂದು, ಮನೆಗೊಂದು ಅಂತ ಬೇರೆ ಬೇರೆ ಅರ್ಥ್ ಮಾಡಿದರೆ ಸಿಡಿಲು ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ನಿಮ್ಮ ಇನ್ವರ್ಟರ್ ಆಗುತ್ತದೆ.

ಪ್ಯಾನೆಲನ್ನು ಹೆಂಚಿನ ಮಾಡಿನ ಮೇಲೆ ಕೂರಿಸಬೇಡಿ. ಪಕ್ಕಾಸಿಗೆ ಕೊಕ್ಕೆ ಸಿಕ್ಕಿಸಲು ಸರಿಸಿದ ಹೆಂಚು ಮತ್ತೆ ಸರಿಯಾಗಿ ಕೂರುವುದಿಲ್ಲ, ಸೋರುತ್ತದೆ. ಅಂಗಳದ ಬದಿಯಲ್ಲಿ ನೆಲದ ಚೌಕಟ್ಟು, 15 ಡಿಗ್ರಿ ಓರೆ, ದಕ್ಷಿಣಕ್ಕೆ, ಘಾಟಿಯ ನೆರಳಿನಿಂದಾಗಿ ತುಸು ಪಶ್ಚಿಮಕ್ಕೆ ವಾಲಿದರೆ ಒಳ್ಳೆಯದೇ. ಅದಕ್ಕಿಂತ ಚಪ್ಪಟೆ ಇಟ್ಟರೆ ಕೆಳ ಅಂಚಿನಲ್ಲಿ ಪಾಚಿ ಕಟ್ಟುತ್ತದೆ. ತೆಂಗಿನ ಮಡಲಿನ ನೆರಳು ಒಂದು ಸೆಲ್ಲಿನ ಮೇಲೆ ಬಿದ್ದರೂ ಆ ಸಾಲೇ ಕುಸಿಯುತ್ತದೆ. ಇನ್ವರ್ಟರನ್ನು ಮುರಕಲ್ಲಿನ ಗೋಡೆಗೆ ಅಂಟಿಸದೆ ಹಲಗೆಯ ಮೇಲೆ 5 ಸೆಂ.ಮೀ. ಬಿಟ್ಟು ಹಾಕಿ, ಕೇಬಲ್ ಕೆಳಗಿನಿಂದ ಗ್ಲ್ಯಾಂಡ್ ಮೂಲಕ ಒಳಗೆ ಹೋಗಲಿ. ತೇವಕ್ಕಿಂತ ಹೆಚ್ಚು ಬೋರ್ಡ್ ಹಾಳುಮಾಡುವುದು ಬೆಚ್ಚಗಿದೆ ಅಂತ ಒಳಗೆ ಹೊಕ್ಕುವ ಇರುವೆ ಮತ್ತು ಹಲ್ಲಿ.

---

ಯೂನಿಟ್‌ಲೆಕ್ಕ

ಕಾಗದದ ಕಡೆ ಒಂದು ಮಾತು. ಸೋಮೇಶ್ವರ ವನ್ಯಜೀವಿ ಅಭಯಾರಣ್ಯ ಆ ಭಾಗದಲ್ಲೇ ಇರುವುದರಿಂದ, ಕಟ್ಟದ ಜಾಗ ಪಟ್ಟಾ ಗಡಿಯೊಳಗೆ ಇದೆಯಾ ಅಂತ ನಕ್ಷೆ ಹಿಡಿದು ನೋಡಿ. ಹೊರಗಿದ್ದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಪೈಪು ಇಡಬೇಡಿ. ಟರ್ಬೈನ್ ದಾಟಿದ ನೀರನ್ನು ಕೆಳಗಿನ ತೋಟದವರ ಕಟ್ಟಕ್ಕಿಂತ ಮೇಲೆಯೇ ತೋಡಿಗೆ ಸೇರಿಸಿ.

---

ಗುಡ್ಡೆಬದಿ

ಕಟ್ಟದ ಜಾಗ ಪಟ್ಟಾ ಒಳಗೇ ಬರುತ್ತದೆ. ಡಂಪ್ ಲೋಡಿಗೆ ಗಾಳಿಯಲ್ಲಿ ರೆಸಿಸ್ಟರ್ ಸುಡುವ ಬದಲು ಬಚ್ಚಲಿನ ಹಂಡೆಗೆ ಹೀಟರ್ ಎಲಿಮೆಂಟ್ ಹಾಕಬಹುದಾ? ಥರ್ಮೋಸ್ಟಾಟ್ ಇರುವುದೇ ಸಿಗುತ್ತದೆ.

---

ಸುರುಳಿ

ಹಾಕಬಹುದು, ಆದರೆ ಕ್ಲಿಪ್ಪರಿಗಲ್ಲ. ಅದರ ರೆಸಿಸ್ಟರ್ ಟರ್ಬೈನ್ ಗುಡಿಸಲಲ್ಲೇ ಇರಲಿ. ಹಂಡೆಗೆ ಬ್ಯಾಟರಿ ಕಡೆಯಿಂದ, ವೋಲ್ಟೇಜ್ ನೋಡಿ ಆನ್ ಆಗುವ ರಿಲೇ ಮೂಲಕ 48 ವೋಲ್ಟ್ 300 ವ್ಯಾಟಿನ ಎಲಿಮೆಂಟ್ ಕೊಡಿ. ಜುಲೈನಲ್ಲಿ ಉಳಿಯುವುದು ದಿನಕ್ಕೆ 1.8 ಯೂನಿಟ್, 50 ಲೀಟರ್ ನೀರನ್ನು 30 ಡಿಗ್ರಿ ಮೇಲಕ್ಕೆ ತರುತ್ತದೆ. ಕಟ್ಟಿಗೆ ಒದ್ದೆಯಾಗಿರುವ ದಿನಗಳಲ್ಲಿ ಅಷ್ಟೇ ದೊಡ್ಡದು.

ಥರ್ಮೋಸ್ಟಾಟ್ ಇಲ್ಲಿ ಇರಬಹುದು, ಇರಲೇಬೇಕು ಕೂಡ. ನೀರು ಕಾದು ಅದು ಕಟ್ ಆದರೆ ಹೆಚ್ಚಿನದ್ದನ್ನು ಕ್ಲಿಪ್ಪರ್ ನೋಡಿಕೊಳ್ಳುತ್ತದೆ. ಒಂದೇ ಎಲಿಮೆಂಟಿನಲ್ಲಿ ಎರಡೂ ಕೆಲಸ ಮುಗಿಸಲು ಹೋದರೆ ನೀರು ಕಾದ ರಾತ್ರಿಯೇ ಟರ್ಬೈನಿಗೆ ಭಾರ ತಪ್ಪುತ್ತದೆ. ಇನ್ನೊಂದು: ಬಿಎಂಎಸ್ ಬ್ಯಾಟರಿ ಕಳಚಿದರೆ ಇನ್ವರ್ಟರ್ ಉಳಿಯುವುದು ಎಂಪಿಪಿಟಿ ತನ್ನ ಹೊರಬರುವ ವೋಲ್ಟೇಜನ್ನು ಹಿಡಿದಿಟ್ಟರೆ ಮಾತ್ರ. ಲಿಥಿಯಂ ಜೊತೆ ಬಿಎಂಎಸ್ ಸಂವಹನ ಇರುವ ಮಾದರಿ ಅಂತ ಕೇಳಿಯೇ ತನ್ನಿ, 56 ವೋಲ್ಟಿಗೆ ಸೆಟ್ ಮಾಡಿ.